ಸತತ 15, ಸತತ 26, ಸತತ 34: ಗೆಲುವಿನ ಸರಪಳಿಯನ್ನು ಎಣಿಸುವುದು ಹೇಗೆ?

ಕ್ರಿಕೆಟ್ ಸೀಸನ್ ಶುರುವಾದರೆ ಸಾಕು, ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಒಂದು ಬಗೆಯ ಸಂದೇಶ ತಪ್ಪದೆ ಓಡಾಡುತ್ತದೆ. ರಣಜಿಯಲ್ಲಿ 15 ವರ್ಷ ಸೋಲನ್ನೇ ಕಾಣದ ಮುಂಬಯಿಯನ್ನು ಸೋಲಿಸಿದ್ದು ನಮ್ಮ ಕರ್ನಾಟಕ, ಕನ್ನಡಿಗರಾದರೆ ಶೇರ್ ಮಾಡಿ ಎಂಬ ಅರ್ಥದ ಸಂದೇಶ ಅದು. ಹೆಮ್ಮೆ ಪಡುವುದರಲ್ಲಿ ತಪ್ಪೇನಿಲ್ಲ, ನಾವೂ ಪಡುತ್ತೇವೆ. ಆದರೆ ಅಂದಿನ ಸ್ಕೋರ್‌ಕಾರ್ಡ್ ತೆಗೆದು ನೋಡಿದರೆ ಅಲ್ಲಿ ಕರ್ನಾಟಕದ ಗೆಲುವೂ ಇಲ್ಲ, ಮುಂಬಯಿಯ ಸೋಲೂ ಇಲ್ಲ. ಪಂದ್ಯದ ಫಲಿತಾಂಶ ಡ್ರಾ.

ಹಾಗಾದರೆ ಸಂದೇಶ ಸುಳ್ಳೇ? ಪೂರ್ತಿ ಸುಳ್ಳಲ್ಲ. ಅದು ಎರಡು ಬೇರೆ ಬೇರೆ ಲೆಕ್ಕಗಳನ್ನು ಒಂದೇ ಲೆಕ್ಕ ಎಂದುಕೊಂಡಿದೆ. 'ಸತತ' ಎಂಬ ಪದ ಇರುವ ಬಹುತೇಕ ಎಲ್ಲ ಫಾರ್ವರ್ಡ್‌ಗಳಲ್ಲೂ ಇದೇ ಆಗುತ್ತದೆ.

ಬೆಂಗಳೂರಿನಲ್ಲಿ 1974ರಲ್ಲಿ ನಡೆದದ್ದೇನು?

ಮುಂಬಯಿ, ಆಗಿನ ಬಾಂಬೆ, 1958–59ರಿಂದ 1972–73ರವರೆಗೆ ರಣಜಿ ಟ್ರೋಫಿಯನ್ನು ಸತತವಾಗಿ 15 ಸಲ ಗೆದ್ದಿತ್ತು. ಭಾರತದ ದೇಶೀಯ ಕ್ರಿಕೆಟ್‌ನಲ್ಲಿ ಇದಕ್ಕೆ ಸಮನಾದ ಇನ್ನೊಂದು ಓಟವಿಲ್ಲ. ಮರುವರ್ಷ, ಅಂದರೆ 1973–74ರ ಸೀಸನ್‌ನ ಸೆಮಿಫೈನಲ್‌ನಲ್ಲಿ, ಅದು ಬೆಂಗಳೂರಿಗೆ ಬಂದು ಕರ್ನಾಟಕವನ್ನು ಎದುರಿಸಿತು. ರಾಜ್ಯಕ್ಕೆ 'ಕರ್ನಾಟಕ' ಎಂಬ ಹೆಸರು ಬಂದು ಆಗ ಕೆಲವೇ ತಿಂಗಳಾಗಿತ್ತು. ಅಲ್ಲಿಯವರೆಗೆ ಈ ತಂಡ ಆಡುತ್ತಿದ್ದದ್ದು ಮೈಸೂರು ಎಂಬ ಹೆಸರಿನಲ್ಲಿ.

ನಾಯಕ ಎರ್ರಪಳ್ಳಿ ಪ್ರಸನ್ನ. ಗುಂಡಪ್ಪ ವಿಶ್ವನಾಥ್ 162, ಬ್ರಿಜೇಶ್ ಪಟೇಲ್ 106 ರನ್ ಹೊಡೆದರು. ಕರ್ನಾಟಕ ಮೊದಲ ಇನಿಂಗ್ಸ್‌ನಲ್ಲಿ 385 ಮಾಡಿತು. ಬಾಂಬೆ ನಾಯಕ ಅಜಿತ್ ವಾಡೇಕರ್ ಚೆನ್ನಾಗಿ ಆಡುತ್ತಿದ್ದಾಗ ರನ್ ಔಟ್ ಆದರು, ತಂಡ 307ಕ್ಕೆ ಮುಗಿಯಿತು. 78 ರನ್‌ಗಳ ಮುನ್ನಡೆ ಕರ್ನಾಟಕದ್ದಾಯಿತು. ಉಳಿದ ಸಮಯದಲ್ಲಿ ಎರಡೂ ಕಡೆಯ ಎರಡನೇ ಇನಿಂಗ್ಸ್ ಮುಗಿದು ಗೆಲುವು–ಸೋಲು ಇತ್ಯರ್ಥವಾಗಲಿಲ್ಲ.

ರಣಜಿ ನಾಕೌಟ್‌ನಲ್ಲಿ ಹೀಗಾದರೆ ಮೊದಲ ಇನಿಂಗ್ಸ್ ಮುನ್ನಡೆ ಪಡೆದವರು ಮುಂದಿನ ಸುತ್ತಿಗೆ ಹೋಗುತ್ತಾರೆ. ಕರ್ನಾಟಕ ಫೈನಲ್‌ಗೆ ಹೋಯಿತು. ಜೈಪುರದಲ್ಲಿ ರಾಜಸ್ಥಾನವನ್ನು 185 ರನ್‌ಗಳಿಂದ ಸೋಲಿಸಿ ಮೊದಲ ಸಲ ಟ್ರೋಫಿ ಎತ್ತಿತು. ಆ ಫೈನಲ್ ಮಾತ್ರ ಅಪ್ಪಟ ಗೆಲುವು.

ಈಗ ಲೆಕ್ಕಕ್ಕೆ ಬನ್ನಿ. ಮುಂಬಯಿಯ 'ಸತತ ಪ್ರಶಸ್ತಿ'ಯ ಸರಪಳಿ ಬೆಂಗಳೂರಿನಲ್ಲಿ ಕಡಿಯಿತು, ಇದು ನೂರಕ್ಕೆ ನೂರು ನಿಜ. ಆದರೆ ಆ ಸೆಮಿಫೈನಲ್‌ನಿಂದ ಮುಂಬಯಿಯ ಸೋಲಿನ ಕಾಲಂಗೆ ಒಂದು ಅಂಕಿಯೂ ಸೇರಲಿಲ್ಲ. ಪ್ರಶಸ್ತಿಗಳ ಸರಪಳಿಯೇ ಬೇರೆ, ಪಂದ್ಯಗಳ ಸರಪಳಿಯೇ ಬೇರೆ. ಸತತ 15 ಟ್ರೋಫಿ ಎಂದ ಮಾತ್ರಕ್ಕೆ ಆ 15 ವರ್ಷಗಳ ಪ್ರತಿ ಪಂದ್ಯವನ್ನೂ ಗೆದ್ದರು ಎಂದಾಗುವುದಿಲ್ಲ. ಲೀಗ್ ಹಂತದಲ್ಲಿ ಡ್ರಾ ಮಾಡಿಕೊಂಡು, ನಾಕೌಟ್‌ನಲ್ಲಿ ಮುನ್ನಡೆಯ ಬಲದಿಂದ ದಾಟಿಕೊಂಡೂ ಒಂದು ತಂಡ ಚಾಂಪಿಯನ್ ಆಗಬಹುದು. ಇಂದಿಗೂ ರಣಜಿ ಲೀಗ್‌ನಲ್ಲಿ ಪೂರ್ಣ ಗೆಲುವಿಗೆ 6 ಅಂಕ. ಡ್ರಾ ಆದ ಪಂದ್ಯದಲ್ಲಿ ಮೊದಲ ಇನಿಂಗ್ಸ್ ಮುನ್ನಡೆಗೆ 3, ಹಿಂದೆ ಬಿದ್ದವರಿಗೆ 1. ಮೂರು ಅಂಕ ಬಂದ ದಿನ ನಾವೆಲ್ಲ 'ಗೆದ್ವಿ' ಅಂತಲೇ ಮಾತಾಡುತ್ತೇವೆ. ದಾಖಲೆ ಪುಸ್ತಕ ಹಾಗೆ ಬರೆದುಕೊಳ್ಳುವುದಿಲ್ಲ.

ಗೆಲುವಿನ ಸರಪಳಿ, ಸೋಲದ ಸರಪಳಿ

ಸತತ ಗೆಲುವು ಅಂದರೆ ಒಂದರ ಹಿಂದೆ ಒಂದು ಗೆಲುವು, ನಡುವೆ ಬೇರೇನೂ ಇರಬಾರದು. ಅಜೇಯ ಓಟ ಅಂದರೆ ಸೋಲು ಮಾತ್ರ ಇರಬಾರದು, ಡ್ರಾ ಅಥವಾ ಟೈ ಆದರೂ ನಡೆಯುತ್ತದೆ. ಟೆಸ್ಟ್ ಕ್ರಿಕೆಟ್‌ನಲ್ಲಿ ಈ ವ್ಯತ್ಯಾಸ ಎದ್ದು ಕಾಣುತ್ತದೆ. ಕ್ಲೈವ್ ಲಾಯ್ಡ್ ಕಾಲದ ವೆಸ್ಟ್ ಇಂಡೀಸ್ 1980ರ ದಶಕದಲ್ಲಿ 27 ಟೆಸ್ಟ್‌ಗಳಲ್ಲಿ ಸೋಲಲಿಲ್ಲ. ಅದೇ ಓಟದ ಒಳಗಿನ ಸತತ ಗೆಲುವು 11 ಮಾತ್ರ. ಸ್ಟೀವ್ ವಾ ಅವರ ಆಸ್ಟ್ರೇಲಿಯಾ ಸತತ 16 ಟೆಸ್ಟ್ ಗೆದ್ದಿತ್ತು. 2001ರ ಮಾರ್ಚ್‌ನಲ್ಲಿ ಕೋಲ್ಕತ್ತದಲ್ಲಿ ಲಕ್ಷ್ಮಣ್ 281, ನಮ್ಮ ದ್ರಾವಿಡ್ 180 ಹೊಡೆದು ಅದನ್ನು ನಿಲ್ಲಿಸಿದರು. ಆಸ್ಟ್ರೇಲಿಯಾ ಮತ್ತೊಮ್ಮೆ 16ಕ್ಕೆ ಬಂದು ನಿಂತಾಗ, 2008ರ ಜನವರಿಯಲ್ಲಿ ಪರ್ತ್‌ನಲ್ಲಿ ಅದನ್ನು ತಡೆದದ್ದೂ ಭಾರತವೇ. ಆಗ ನಾಯಕ ಅನಿಲ್ ಕುಂಬ್ಳೆ. 16 ದಾಟುವುದಕ್ಕೆ ಎರಡು ಸಲವೂ ಬಿಡದ ತಂಡದಲ್ಲಿ ಬೆಂಗಳೂರಿನವರ ಕೈ ಇತ್ತು ಎಂಬ ಫಾರ್ವರ್ಡ್ ಬಂದರೆ ಧಾರಾಳವಾಗಿ ಹಂಚಿಕೊಳ್ಳಿ.

27 ದೊಡ್ಡದೋ 16 ದೊಡ್ಡದೋ ಎಂದು ಕೇಳುವುದಕ್ಕೆ ಅರ್ಥವಿಲ್ಲ. ಒಂದು ಕಿಲೋ, ಇನ್ನೊಂದು ಲೀಟರ್.

ಬೇಸ್‌ಬಾಲ್‌ನಲ್ಲಿ ನೂರು ವರ್ಷದ ತಕರಾರು

ಈ ಎಣಿಕೆಯ ಜಗಳ ಹೆಚ್ಚು ನಡೆದಿರುವುದು ಅಮೆರಿಕದ ಬೇಸ್‌ಬಾಲ್‌ನಲ್ಲಿ. ಅಲ್ಲಿನ ಮುಖ್ಯ ಲೀಗ್‌ನಲ್ಲಿ ಈಗ ಪ್ರತಿ ತಂಡ ಒಂದು ಸೀಸನ್‌ಗೆ 162 ಪಂದ್ಯ ಆಡುತ್ತದೆ, ಹೆಚ್ಚುಕಡಿಮೆ ದಿನಕ್ಕೊಂದು. ಆದ್ದರಿಂದ ಸರಪಳಿ ಎಣಿಸುವುದು ಅಲ್ಲಿ ದಿನನಿತ್ಯದ ಚಟ.

1916ರ ಸೆಪ್ಟೆಂಬರ್‌ನಲ್ಲಿ ನ್ಯೂಯಾರ್ಕ್ ಜೈಂಟ್ಸ್ ತಂಡ 26 ಪಂದ್ಯ ಗೆದ್ದಿತು. ಅಧಿಕೃತ ಪಟ್ಟಿಯಲ್ಲಿ ಇಂದಿಗೂ ಅದೇ ದಾಖಲೆ. ಆದರೆ 12 ಗೆಲುವು ಆದ ಮೇಲೆ ಪಿಟ್ಸ್‌ಬರ್ಗ್ ವಿರುದ್ಧದ ಒಂದು ಪಂದ್ಯ 1–1ರಲ್ಲಿದ್ದಾಗ ಮಳೆ ಬಂದು ನಿಂತುಹೋಯಿತು. ಅದು ಟೈ. ಆಮೇಲೆ 14 ಗೆಲುವು. ಅಂದಿನ ನಿಯಮದ ಪ್ರಕಾರ ಟೈ ಆದ ಪಂದ್ಯವನ್ನು ಅಂಕಪಟ್ಟಿಗೆ ಸೇರಿಸುತ್ತಿರಲಿಲ್ಲ, ಮೊದಲಿಂದ ಮತ್ತೆ ಆಡಿಸುತ್ತಿದ್ದರು. ಆಟಗಾರರ ವೈಯಕ್ತಿಕ ಅಂಕಿಗಳು ಮಾತ್ರ ಲೆಕ್ಕಕ್ಕೆ ಬರುತ್ತಿದ್ದವು. ಹಾಗಾಗಿ ದಾಖಲೆ ಬರೆಯುವವರು ಹೇಳುವುದು ಇಷ್ಟು: ಟೈ ಎಂಬುದು ಸರಪಳಿಗೆ ಕೊಂಡಿಯೂ ಅಲ್ಲ, ಕತ್ತರಿಯೂ ಅಲ್ಲ.

2017ರಲ್ಲಿ ಕ್ಲೀವ್‌ಲ್ಯಾಂಡ್ ತಂಡ ಆಗಸ್ಟ್ 24ರಿಂದ ಸೆಪ್ಟೆಂಬರ್ 14ರವರೆಗೆ ನಡುವೆ ಒಂದು ಟೈ ಕೂಡ ಇಲ್ಲದೆ 22 ಪಂದ್ಯ ಗೆದ್ದಾಗ ಹಳೆಯ ತಕರಾರು ಮತ್ತೆ ಎದ್ದಿತು. ನಿಜವಾದ ದಾಖಲೆ ಇದೇ ಅಲ್ಲವೇ ಎಂದು ಬಹಳ ಜನ ಕೇಳಿದರು. ಅಧಿಕೃತ ಉತ್ತರ ಬದಲಾಗಲಿಲ್ಲ: ದಾಖಲೆ 26, ಟೈ ಇಲ್ಲದ ಸರಪಳಿಗಳಲ್ಲಿ ದೊಡ್ಡದು 22. ಎರಡೂ ಸರಿ, ಯಾವುದನ್ನು ಹೇಳುತ್ತಿದ್ದೇವೆ ಎಂದು ಸೇರಿಸಿದರೆ. ನಮಗೆ ಕೇಳಿದರೆ 22ರ ಪರವೇ ಮನಸ್ಸು ವಾಲುತ್ತದೆ. ಆದರೆ ದಾಖಲೆ ಮನಸ್ಸು ಕೇಳಿ ಬರೆಯುವಂಥದ್ದಲ್ಲ, ಪಂದ್ಯ ನಡೆದಾಗ ಇದ್ದ ನಿಯಮ ನೋಡಿ ಬರೆಯುವಂಥದ್ದು.

ಇನ್ನೊಂದು ಮಾತು. 26 ಗೆದ್ದ ಜೈಂಟ್ಸ್ ಆ ವರ್ಷ ತನ್ನ ಲೀಗ್‌ನಲ್ಲಿ ನಾಲ್ಕನೇ ಸ್ಥಾನಕ್ಕೆ ನಿಂತಿತು. 22 ಗೆದ್ದ ಕ್ಲೀವ್‌ಲ್ಯಾಂಡ್ ಪ್ಲೇಆಫ್‌ನ ಮೊದಲ ಸರಣಿಯಲ್ಲೇ ಸೋತು ಮನೆಗೆ ಹೋಯಿತು.

ಬೇಸ್‌ಬಾಲ್‌ನವರು ಆಟಗಾರರ ಸರಪಳಿಗೂ ನಿಯಮ ಪುಸ್ತಕದಲ್ಲೇ ಜಾಗ ಕೊಟ್ಟಿದ್ದಾರೆ. ಸತತ ಎಷ್ಟು ಪಂದ್ಯಗಳಲ್ಲಿ ಒಬ್ಬ ಬ್ಯಾಟರ್ ಕನಿಷ್ಠ ಒಂದು 'ಹಿಟ್' ಪಡೆದ ಎಂದು ಎಣಿಸುವಾಗ, ಎದುರಾಳಿ ಚೆಂಡನ್ನು ಆಡಲು ಸಿಗದಂತೆ ಹಾಕಿ ಅವನನ್ನು ಪ್ರತಿ ಸಲವೂ ಬಿಟ್ಟಿಯಾಗಿ ಮೊದಲ ಬೇಸ್‌ಗೆ ಕಳಿಸಿದ್ದರೆ ಆ ಪಂದ್ಯ ಸರಪಳಿಯನ್ನು ಕಡಿಯುವುದಿಲ್ಲ. ಅವನಿಗೆ ಅವಕಾಶವೇ ಸಿಗಲಿಲ್ಲವಲ್ಲ! ಅವನು ಆಡದೇ ಕುಳಿತ ಪಂದ್ಯವೂ ಅಷ್ಟೇ, ಲೆಕ್ಕಕ್ಕಿಲ್ಲ. ಈ ಬಗೆಯ ಎಣಿಕೆಯಲ್ಲಿ ಜೋ ಡಿಮಾಜಿಯೊ 1941ರಲ್ಲಿ ಮಾಡಿದ 56 ಪಂದ್ಯಗಳ ದಾಖಲೆಯನ್ನು ಇನ್ನೂ ಯಾರೂ ಮುಟ್ಟಿಲ್ಲ. ಅರ್ಧಕ್ಕೆ ನಿಂತ ಪಂದ್ಯವನ್ನು ಎಷ್ಟೋ ದಿನದ ನಂತರ ಮುಗಿಸಿದರೆ, ಎಲ್ಲವೂ ಮೊದಲ ದಿನವೇ ನಡೆದಂತೆ ಬರೆದುಕೊಳ್ಳುತ್ತಾರೆ. ಎಲ್ಲವನ್ನೂ ಮೊದಲೇ ಬರೆದಿಟ್ಟರೆ ಆಮೇಲೆ ಜಗಳ ಕಡಿಮೆ. ಪೂರ್ತಿ ಇಲ್ಲದಾಗುವುದಿಲ್ಲ, ಕಡಿಮೆ.

ಒಂದೇ ತಂಡ, ಒಂದೇ ಓಟ, ಮೂರು ಉತ್ತರ

ವಿಶ್ವಕಪ್‌ನಲ್ಲಿ ಆಸ್ಟ್ರೇಲಿಯಾದ ಓಟ ಇದಕ್ಕೆ ಚೆಂದದ ಉದಾಹರಣೆ. 1999ರ ಮೇ ತಿಂಗಳಲ್ಲಿ ಪಾಕಿಸ್ತಾನದ ವಿರುದ್ಧ ಸೋತ ಮೇಲೆ, 2011ರ ಮಾರ್ಚ್ 19ರಂದು ಕೊಲಂಬೊದಲ್ಲಿ ಮತ್ತೆ ಪಾಕಿಸ್ತಾನದ ಕೈಯಲ್ಲೇ ಸೋಲುವವರೆಗೆ ಅದು ವಿಶ್ವಕಪ್‌ನ ಒಂದೂ ಪಂದ್ಯ ಸೋಲಲಿಲ್ಲ. ಕೈಬೆರಳಲ್ಲಿ ಎಣಿಸೋಣ. 1999ರಲ್ಲಿ ಮೊದಲು ಐದು ಗೆಲುವು. ನಂತರ ದಕ್ಷಿಣ ಆಫ್ರಿಕಾ ವಿರುದ್ಧದ ಪ್ರಸಿದ್ಧ ಸೆಮಿಫೈನಲ್ ಟೈ. ಆಮೇಲೆ ಫೈನಲ್ ಗೆಲುವು. 2003ರಲ್ಲಿ 11ಕ್ಕೆ 11, 2007ರಲ್ಲೂ 11ಕ್ಕೆ 11. 2011ರಲ್ಲಿ ಎರಡು ಗೆಲುವು, ಶ್ರೀಲಂಕಾ ವಿರುದ್ಧದ ಪಂದ್ಯ ಮಳೆಗೆ ಆಹುತಿ, ಮತ್ತೆ ಎರಡು ಗೆಲುವು.

ಎಲ್ಲ ಕೂಡಿಸಿದರೆ 34. ಇದು ಅಜೇಯ ಓಟ. ಗೆಲುವಿನ ಸರಪಳಿ ಎಷ್ಟು? ಟೈ ಗೆಲುವಲ್ಲ ಎಂದು ಹಿಡಿದು 1999ರ ಫೈನಲ್‌ನಿಂದ ಶುರು ಮಾಡಿ, ಮಳೆಯ ಪಂದ್ಯ ಸರಪಳಿಯನ್ನು ಕಡಿಯಿತು ಎಂದರೆ 25. ಮಳೆಯ ಪಂದ್ಯದಲ್ಲಿ ಫಲಿತಾಂಶವೇ ಬರಲಿಲ್ಲ, ಅದನ್ನು ದಾಟಿ ಎಣಿಸೋಣ ಎಂದರೆ 27. ಮೂರು ಬೇರೆ ಗುಂಪುಗಳಿಂದ 34, 27, 25 ಎಂದು ಮೂರು ಸಂದೇಶ ಬಂದರೆ ಮೂವರೂ ಸುಳ್ಳು ಹೇಳುತ್ತಿಲ್ಲ. ಸುಳ್ಳಾಗುವುದು ಯಾವಾಗ ಅಂದರೆ, 34 ಎಂಬ ಅಂಕಿ ಹಾಕಿ ಪಕ್ಕದಲ್ಲಿ 'ಸತತ ಗೆಲುವು' ಎಂದು ಬರೆದಾಗ.

ಸೂಪರ್ ಓವರ್ ಬಂದ ಮೇಲೆ ಗೊಂದಲ ಇನ್ನಷ್ಟು ಹೆಚ್ಚಿದೆ. 2020ರ ಆರಂಭದಲ್ಲಿ ಭಾರತ ನ್ಯೂಜಿಲೆಂಡ್‌ನಲ್ಲಿ ಟಿ20 ಸರಣಿಯನ್ನು 5–0 ಅಂತರದಲ್ಲಿ ಗೆದ್ದದ್ದು ನೆನಪಿರಬಹುದು. ಹ್ಯಾಮಿಲ್ಟನ್ ಮತ್ತು ವೆಲಿಂಗ್ಟನ್ ಪಂದ್ಯಗಳು ಸೂಪರ್ ಓವರ್‌ಗೆ ಹೋಗಿದ್ದವು. ವೆಲಿಂಗ್ಟನ್‌ನಲ್ಲಿ ನಮ್ಮ ಮನೀಶ್ ಪಾಂಡೆ ಔಟಾಗದೆ 50 ಹೊಡೆದು ತಂಡವನ್ನು ಆ ಮಟ್ಟಕ್ಕೆ ತಂದಿದ್ದರು. ಅಂಕಿ–ಅಂಶದ ಪಟ್ಟಿಯಲ್ಲಿ ಆ ಎರಡೂ 'ಟೈ, ಸೂಪರ್ ಓವರ್‌ನಲ್ಲಿ ಭಾರತಕ್ಕೆ ಜಯ' ಎಂದು ದಾಖಲಾಗಿವೆ. ಸರಣಿಯ ಲೆಕ್ಕಕ್ಕೆ ಐದು ಗೆಲುವು, ಕಟ್ಟುನಿಟ್ಟಾದ ಪಂದ್ಯದ ಲೆಕ್ಕಕ್ಕೆ ಮೂರು ಗೆಲುವು, ಎರಡು ಟೈ.

ಗುಂಡಗುರ್ತಿಯ ತಂಡಕ್ಕೆ ಬ್ಯಾನರ್ ಬರೆಸುವುದಾದರೆ

ಇದೆಲ್ಲ ದೊಡ್ಡವರ ಆಟ ಎಂದು ಬಿಡಬೇಡಿ. ಬೇಸಿಗೆಯಲ್ಲಿ ಕಲಬುರಗಿ ಸೀಮೆಯ ಊರೂರಲ್ಲಿ ಟೆನಿಸ್ ಬಾಲ್ ಟೂರ್ನಮೆಂಟ್ ನಡೆಯುತ್ತವೆ. ಗುಂಡಗುರ್ತಿಯಲ್ಲಿ ಒಂದು ತಂಡವಿದೆ ಎಂದು ಸುಮ್ಮನೆ ಕಲ್ಪಿಸಿಕೊಳ್ಳಿ. ಮೊದಲು ನಾಲ್ಕು ಪಂದ್ಯ ಗೆದ್ದರು. ಐದನೆಯದಕ್ಕೆ ವಾಡಿಯ ಹುಡುಗರು ಬರುತ್ತಿದ್ದ ಟಂಟಂ ದಾರಿಯಲ್ಲಿ ಕೆಟ್ಟು ನಿಂತಿತು, ವಾಕ್‌ಓವರ್ ಸಿಕ್ಕಿತು. ನಂತರ ಮೂರು ಗೆಲುವು. ಚಿತ್ತಾಪುರದವರ ಜೊತೆ ಆಡುವಾಗ ಅಕಾಲದ ಮಳೆ ಸುರಿದು ಪಂದ್ಯ ರದ್ದು. ಮತ್ತೆ ಎರಡು ಗೆಲುವು. ಶಹಾಬಾದ್ ವಿರುದ್ಧ ಟೈ ಆಗಿ ಸೂಪರ್ ಓವರ್‌ನಲ್ಲಿ ಗೆದ್ದರು. ಸೇಡಂ ತಂಡದ ವಿರುದ್ಧ ಎರಡು ಗೆಲುವು. ಕೊನೆಗೆ ಚಿಂಚೋಳಿಯವರು ಸೋಲಿಸಿದರು.

ಊರಿನ ಹುಡುಗರು ಬ್ಯಾನರ್‌ನಲ್ಲಿ 'ಸತತ 13 ಗೆಲುವು' ಎಂದು ಬರೆಸುತ್ತಾರೆ: ಆಡಿ ಗೆದ್ದ 11, ವಾಕ್‌ಓವರ್ ಒಂದು, ಸೂಪರ್ ಓವರ್ ಒಂದು, ಮಳೆಯದು ಬಿಟ್ಟು. ಹಳೆಯ ಬೇಸ್‌ಬಾಲ್ ಪದ್ಧತಿಯಲ್ಲಿ ಎಣಿಸಿದರೆ ವಾಕ್‌ಓವರ್ ಗೆಲುವೇ, ಟೈಯನ್ನು ದಾಟಬೇಕು, ಆದ್ದರಿಂದ 12. ಬೇಸ್‌ಬಾಲ್‌ನಲ್ಲಿ ಎದುರಾಳಿ ಪಂದ್ಯ ಬಿಟ್ಟುಕೊಟ್ಟರೆ 9–0 ಎಂದು ಬರೆದುಕೊಳ್ಳುವ ನಿಯಮವೇ ಇದೆ. ಅಜೇಯ ಓಟ ಬೇಕೆಂದರೆ ಮಳೆಯದನ್ನೂ ಸೇರಿಸಿ 14. ಇನ್ನು ತೀರಾ ಬಿಗಿಯಾಗಿ, ವಾಕ್‌ಓವರ್ ಪಂದ್ಯವೇ ಅಲ್ಲ, ಮಳೆ ಮತ್ತು ಟೈ ಎರಡೂ ಸರಪಳಿ ಕಡಿಯುತ್ತವೆ ಎಂದರೆ ಉಳಿಯುವುದು 7. ಚಿಂಚೋಳಿಯವರು ತಮ್ಮ ಗುಂಪಿನಲ್ಲಿ ಹಂಚುವುದು ಯಾವ ಅಂಕಿ ಎಂದು ಹೇಳಬೇಕಿಲ್ಲ. ಸೋಲಿಸಿದವರಿಗೆ ಎದುರಾಳಿಯ ಸರಪಳಿ ಉದ್ದವಿದ್ದಷ್ಟೂ ಲಾಭ, ಅವರು 14 ಎನ್ನುತ್ತಾರೆ.

ಆಡದೇ ಗೆದ್ದ ಪಂದ್ಯ

ವಾಕ್‌ಓವರ್ ವಿಷಯ ಸ್ವಲ್ಪ ಬಿಡಿಸಿ ನೋಡಬೇಕು. 1996ರ ವಿಶ್ವಕಪ್‌ನಲ್ಲಿ ಶ್ರೀಲಂಕಾ ಎಷ್ಟು ಪಂದ್ಯ ಗೆದ್ದು ಚಾಂಪಿಯನ್ ಆಯಿತು? ಎಂಟು ಎಂದರೂ ಸರಿ, ಆರು ಎಂದರೂ ಸರಿ. ಜನವರಿ ಕೊನೆಯಲ್ಲಿ ಕೊಲಂಬೊದಲ್ಲಿ ಬಾಂಬ್ ಸ್ಫೋಟವಾದ ಕಾರಣ ಆಸ್ಟ್ರೇಲಿಯಾ ಮತ್ತು ವೆಸ್ಟ್ ಇಂಡೀಸ್ ಅಲ್ಲಿಗೆ ಹೋಗಲು ಒಪ್ಪಲಿಲ್ಲ. ಆ ಎರಡು ಪಂದ್ಯಗಳ ಅಂಕ ಶ್ರೀಲಂಕಾಕ್ಕೆ ಸಿಕ್ಕಿತು. ಒಂದು ಚೆಂಡೂ ಬೀಳದ ಕಾರಣ ಏಕದಿನ ಪಂದ್ಯಗಳ ಪಟ್ಟಿಯಲ್ಲಿ ಅವು ಇಲ್ಲ.

ಅದೇ ಟೂರ್ನಿಯ ಸೆಮಿಫೈನಲ್ ನೋಡಿ. ಕೋಲ್ಕತ್ತದಲ್ಲಿ ಮೊದಲ ಓವರ್‌ನಲ್ಲೇ ಜಾವಗಲ್ ಶ್ರೀನಾಥ್ ಶ್ರೀಲಂಕಾದ ಇಬ್ಬರು ಆರಂಭಿಕರನ್ನೂ ಔಟ್ ಮಾಡಿದ್ದರು, ಕೊನೆಯಲ್ಲಿ ಭಾರತ 8 ವಿಕೆಟ್‌ಗೆ 120 ಎಂಬ ಸ್ಥಿತಿಯಲ್ಲಿದ್ದಾಗ ಪ್ರೇಕ್ಷಕರ ಗಲಾಟೆಯಿಂದ ಆಟ ನಿಂತು ಶ್ರೀಲಂಕಾಕ್ಕೆ ಪಂದ್ಯ ಕೊಡಲಾಯಿತು. ಇದೂ ಪೂರ್ತಿ ಆಡದೆ ಸಿಕ್ಕ ಗೆಲುವೇ. ಆದರೆ ಆಟ ನಡೆದಿತ್ತು, ಆದ್ದರಿಂದ ದಾಖಲೆಯಲ್ಲಿ ಗೆಲುವು ಎಂದೇ ಇದೆ.

ಒಮ್ಮೆ ಬರೆದ ದಾಖಲೆ ಬದಲಾಗುವುದೂ ಉಂಟು. 2006ರ ಆಗಸ್ಟ್‌ನಲ್ಲಿ ಲಂಡನ್‌ನ ಓವಲ್ ಟೆಸ್ಟ್‌ನಲ್ಲಿ ಚೆಂಡು ವಿರೂಪದ ಆರೋಪ ಬಂದು ಪಾಕಿಸ್ತಾನ ಮೈದಾನಕ್ಕೆ ಬರಲು ತಡಮಾಡಿದಾಗ ಅಂಪೈರ್‌ಗಳು ಇಂಗ್ಲೆಂಡ್ ಗೆದ್ದಿತು ಎಂದರು. 2008ರಲ್ಲಿ ಐಸಿಸಿ ಅದನ್ನು ಡ್ರಾ ಎಂದು ತಿದ್ದಿತು. 2009ರಲ್ಲಿ ಮತ್ತೆ ಇಂಗ್ಲೆಂಡ್ ಗೆಲುವು ಎಂದಾಯಿತು. ಈ ನಡುವೆ ಮುದ್ರಣವಾದ ಪುಸ್ತಕವೊಂದು ನಿಮ್ಮ ಕೈಗೆ ಸಿಕ್ಕರೆ, ಅದರ ಫೋಟೊ ತೆಗೆದು 'ನೋಡಿ ಸಾಕ್ಷಿ' ಎಂದು ಕಳಿಸಿದರೂ ಅಂಕಿ ತಪ್ಪಾಗಿರುತ್ತದೆ.

ಎಲ್ಲಿಂದ ಎಲ್ಲಿಗೆ, ಯಾವ ಜರಡಿಯಲ್ಲಿ?

ಸಯ್ಯದ್ ಮುಷ್ತಾಕ್ ಅಲಿ ಟ್ರೋಫಿಯಲ್ಲಿ 2018–19ರಲ್ಲಿ ಕರ್ನಾಟಕ ಆಡಿದ 12 ಪಂದ್ಯಗಳನ್ನೂ ಗೆದ್ದು, ಇಂದೋರ್‌ನಲ್ಲಿ ಮಹಾರಾಷ್ಟ್ರವನ್ನು ಸೋಲಿಸಿ ಚಾಂಪಿಯನ್ ಆಯಿತು. ಆದರೆ ಸರಪಳಿ ಅದಕ್ಕೂ ಹಿಂದಿನ ಸೀಸನ್‌ನಲ್ಲಿ ಶುರುವಾಗಿ, ಮುಂದಿನ ಸೀಸನ್‌ಗೂ ಚಾಚಿಕೊಂಡಿತು. 2019ರ ನವೆಂಬರ್‌ನಲ್ಲಿ ಬರೋಡಾ ಅದನ್ನು ತಡೆಯುವ ಹೊತ್ತಿಗೆ 15 ಆಗಿತ್ತು. ಒಂದೇ ಟೂರ್ನಿಯ ಲೆಕ್ಕ 12, ಸೀಸನ್ ದಾಟಿದ ಲೆಕ್ಕ 15. ಸಾಮಾನ್ಯವಾಗಿ ಸೀಸನ್ ಬದಲಾದರೂ ಸರಪಳಿ ಮುಂದುವರಿಯುತ್ತದೆ, ನಡುವೆ ಆಟಗಾರರು ಬದಲಾದರೂ ಸರಿ. ತಂಡದ ಹೆಸರು ಬದಲಾದರೂ ಅಷ್ಟೇ: ಬಾಂಬೆ ಮುಂಬಯಿ ಆಯಿತು, ಮೈಸೂರು ಕರ್ನಾಟಕ ಆಯಿತು, ಕ್ಲೀವ್‌ಲ್ಯಾಂಡ್ ಇಂಡಿಯನ್ಸ್ ಗಾರ್ಡಿಯನ್ಸ್ ಆಯಿತು, ಹಳೆಯ ಖಾತೆ ಹೊಸ ಹೆಸರಿಗೆ ವರ್ಗವಾಯಿತು.

ಜರಡಿ ಹಿಡಿದು ಎಣಿಸುವುದು ಇನ್ನೊಂದು ಬಗೆ. 2025ರ ಐಪಿಎಲ್‌ನಲ್ಲಿ ಆರ್‌ಸಿಬಿ ಲೀಗ್ ಹಂತದ 7 ಹೊರಗಿನ ಪಂದ್ಯಗಳನ್ನೂ ಗೆದ್ದಿತು. ಹಾಗೆ ಮಾಡಿದ ಮೊದಲ ತಂಡ ಅದು, ಅಪ್ಪಟ ದಾಖಲೆ. ಆದರೆ ಅದು ಸತತ 7 ಗೆಲುವಲ್ಲ, ನಡುವೆ ತವರಿನಲ್ಲಿ ಸೋಲುಗಳಿದ್ದವು. ಇದರಲ್ಲಿ ಒಂದು ಸ್ವಾರಸ್ಯವೂ ಇದೆ. ಮಳೆಯ ಭಯದಿಂದ ಬೆಂಗಳೂರಿನ ಹೈದರಾಬಾದ್ ಪಂದ್ಯವನ್ನು ಲಖನೌಗೆ ಸಾಗಿಸಲಾಯಿತು, ಅಲ್ಲಿ ಆರ್‌ಸಿಬಿ 42 ರನ್‌ಗಳಿಂದ ಸೋತಿತು. ಬೆಂಗಳೂರಿನಿಂದ ಸಾವಿರಕ್ಕೂ ಹೆಚ್ಚು ಕಿಲೋಮೀಟರ್ ದೂರದಲ್ಲಿ ಸೋತರೂ ಕಾಗದದ ಮೇಲೆ ಅದು 'ತವರಿನ' ಪಂದ್ಯ. ಕೆಲವೇ ದಿನಗಳ ನಂತರ ಅದೇ ಲಖನೌ ಮೈದಾನದಲ್ಲಿ ಲಖನೌ ತಂಡವನ್ನು ಸೋಲಿಸಿದ್ದು 'ಹೊರಗಿನ' ಗೆಲುವು. ಮೈದಾನ ಒಂದೇ, ಖಾನೆ ಬೇರೆ.

'ಭಾನುವಾರ ಆಡಿದಾಗ', 'ಹಸಿರು ಜೆರ್ಸಿ ಹಾಕಿದಾಗ', 'ಟಾಸ್ ಸೋತು ಎರಡನೇ ಬ್ಯಾಟಿಂಗ್ ಮಾಡಿದಾಗ' ಎಂದು ಜರಡಿಯ ಮೇಲೆ ಜರಡಿ ಹಾಕುತ್ತಾ ಹೋದರೆ ಯಾವ ತಂಡಕ್ಕಾದರೂ ಒಂದು ಸತತ ದಾಖಲೆ ಹುಡುಕಿಕೊಡಬಹುದು. ಷರತ್ತು ಉದ್ದವಾದಷ್ಟೂ ದಾಖಲೆಯ ತೂಕ ಕಡಿಮೆ.

ಸತತ 20 ಟಾಸ್ ಸೋತರೆ ಮುಂದಿನದು ನಮ್ಮದೇ?

ಭಾರತ ತಂಡ ಏಕದಿನ ಪಂದ್ಯಗಳಲ್ಲಿ 2023ರ ನವೆಂಬರ್ 19ರ ವಿಶ್ವಕಪ್ ಫೈನಲ್‌ನಿಂದ ಶುರುವಾಗಿ ಸತತ 20 ಟಾಸ್ ಸೋತಿತು. ರೋಹಿತ್ ಶರ್ಮ, ಕೆ.ಎಲ್. ರಾಹುಲ್, ಶುಭಮನ್ ಗಿಲ್ ಮೂವರು ನಾಯಕರೂ ಸೋತರು. 2025ರ ಡಿಸೆಂಬರ್ 6ರಂದು ವಿಶಾಖಪಟ್ಟಣದಲ್ಲಿ ರಾಹುಲ್ ಎಡಗೈಯಲ್ಲಿ ನಾಣ್ಯ ಚಿಮ್ಮಿ ಟಾಸ್ ಗೆದ್ದಾಗ, ಕೈ ಬದಲಿಸಿದ್ದಕ್ಕೇ ಗೆದ್ದರು ಎಂಬ ಮಾತು ಹರಡಿತು. ನಾಣ್ಯಕ್ಕೆ ಎಡಗೈ ಬಲಗೈ ಗೊತ್ತಿಲ್ಲ.

20 ಟಾಸ್ ಸತತ ಸೋಲುವ ಸಾಧ್ಯತೆ 10,48,576ರಲ್ಲಿ ಒಂದು. ಎರಡನ್ನು ಇಪ್ಪತ್ತು ಸಲ ಬರೆದು ಎಲ್ಲವನ್ನೂ ಗುಣಿಸಿ ನೋಡಿ, ಅಷ್ಟೇ ಬರುತ್ತದೆ. ಆದರೆ ಇದು ಇಂಥ ದಿನದಿಂದ ಶುರು ಎಂದು ಮೊದಲೇ ಹೇಳಿ ಎಣಿಸಿದಾಗಿನ ಲೆಕ್ಕ. 19 ಸೋತಾದ ಮೇಲೆ ಇಪ್ಪತ್ತನೆಯದನ್ನು ಸೋಲುವ ಸಾಧ್ಯತೆ ಅರ್ಧಕ್ಕರ್ಧ. 20 ಸೋತಾದ ಮೇಲೆ ಮುಂದಿನದನ್ನು ಗೆಲ್ಲುವ ಸಾಧ್ಯತೆಯೂ ಅರ್ಧಕ್ಕರ್ಧವೇ. ಇಷ್ಟು ಸಲ ಸೋತಿದ್ದೇವೆ, ಇನ್ನು ನಮ್ಮ ಪಾಳಿ ಎನ್ನುವುದಕ್ಕೆ ನಾಣ್ಯದ ಬಳಿ ಯಾವ ಖಾತೆಯೂ ಇಲ್ಲ. ಅಂದ ಹಾಗೆ, ಈ ಓಟದ ನಡುವೆಯೇ ಭಾರತ 2025ರ ಚಾಂಪಿಯನ್ಸ್ ಟ್ರೋಫಿಯ ಐದೂ ಟಾಸ್ ಸೋತು ಐದೂ ಪಂದ್ಯ ಗೆದ್ದಿತು.

'ಸತತ ಐದು ಸರಿ ಹೇಳಿದ್ದೇವೆ' ಎನ್ನುವವರು

ಈ ತಪ್ಪು ತಿಳಿವಳಿಕೆಯಿಂದ ದುಡ್ಡು ಕಳೆದುಕೊಳ್ಳುವವರಿದ್ದಾರೆ. ಐಪಿಎಲ್ ಸಮಯದಲ್ಲಿ ಅಪರಿಚಿತ ನಂಬರ್‌ನಿಂದ 'ಇವತ್ತು ಇವರೇ ಗೆಲ್ಲುತ್ತಾರೆ, ಹಣ ಬೇಡ, ನೋಡುತ್ತಿರಿ' ಎಂದು ಸಂದೇಶ ಬರುತ್ತದೆ. ಹೇಳಿದಂತೆ ಆಗುತ್ತದೆ. ಮರುದಿನವೂ ಸರಿ. ಐದು ದಿನ ಸತತವಾಗಿ ಸರಿಯಾದ ಮೇಲೆ ಆರನೆಯ ದಿನದ ಸುಳಿವಿಗೆ ದುಡ್ಡು ಕೇಳುತ್ತಾರೆ. ಒಳಗಿನ ಮಾಹಿತಿ ಇದೆ ಎಂದು ನಂಬಿದವರು ಕೊಡುತ್ತಾರೆ.

ಇದರ ಹಿಂದೆ ಒಳಗಿನ ಮಾಹಿತಿಯೇನೂ ಬೇಕಿಲ್ಲ. 640 ನಂಬರ್‌ಗಳಿದ್ದರೆ ಸಾಕು. ಮೊದಲ ದಿನ 320 ಜನರಿಗೆ ಒಂದು ತಂಡ, ಉಳಿದ 320 ಜನರಿಗೆ ಇನ್ನೊಂದು ತಂಡ ಗೆಲ್ಲುತ್ತದೆ ಎಂದು ಕಳಿಸುತ್ತಾರೆ. ತಪ್ಪು ಸಿಕ್ಕ 320 ಜನರನ್ನು ಬಿಟ್ಟುಬಿಡುತ್ತಾರೆ. ಮರುದಿನ ಉಳಿದವರನ್ನು 160–160 ಎಂದು ಒಡೆಯುತ್ತಾರೆ. ಆಮೇಲೆ 80, 40, ಐದನೇ ದಿನಕ್ಕೆ 20. ಈ 20 ಜನರ ಫೋನ್‌ನಲ್ಲಿ ಸತತ ಐದು ಸರಿಯಾದ ಭವಿಷ್ಯವಿರುತ್ತದೆ, ಸ್ಕ್ರೀನ್‌ಶಾಟ್ ಸಮೇತ. ತಪ್ಪು ಸಂದೇಶ ಪಡೆದ 620 ಜನ ಇದನ್ನು ಯಾವತ್ತೋ ಡಿಲೀಟ್ ಮಾಡಿರುತ್ತಾರೆ. ಅವರು ಯಾರೆಂದು ಈ 20 ಜನರಿಗೆ ಗೊತ್ತಾಗುವ ದಾರಿಯೇ ಇಲ್ಲ. ಸರಪಳಿ ನಿಜ, ಅದರ ಹಿಂದಿನ ಜಾಣತನ ಮಾತ್ರ ಸುಳ್ಳು.

ಇಂಥ ಸ್ಕ್ರೀನ್‌ಶಾಟನ್ನು ತಮ್ಮನೋ ಗೆಳೆಯನೋ ತೋರಿಸಿದರೆ ಒಂದೇ ಪ್ರಶ್ನೆ ಕೇಳಿ: ಇವರು ಬೇರೆಯವರಿಗೆ ಏನು ಕಳಿಸಿದ್ದರು? ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾನೂನಿಗೆ ಸಂಸತ್ತು 2025ರ ಆಗಸ್ಟ್‌ನಲ್ಲಿ ಒಪ್ಪಿಗೆ ಕೊಟ್ಟಿದೆ ಎಂಬುದನ್ನೂ ತಿಳಿಸಿ. ಈಗಾಗಲೇ ಹಣ ಕಳಿಸಿ ಮೋಸ ಹೋಗಿದ್ದರೆ ನಾಚಿಕೊಂಡು ಸುಮ್ಮನಿರುವುದು ಬೇಡ. ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಆ ಕ್ಷಣವೇ ಕರೆ ಮಾಡಿ. ಹಣ ಇನ್ನೊಂದು ಖಾತೆಗೆ ಜಾರುವ ಮೊದಲೇ ದೂರು ತಲುಪಿದರೆ ಅದನ್ನು ತಡೆಹಿಡಿಯುವ ಅವಕಾಶವಿರುತ್ತದೆ. ವಹಿವಾಟಿನ ನಂಬರ್, ಕಳಿಸಿದ ಸಮಯ, ಬಂದ ಸಂದೇಶ ಇವನ್ನು ಅಳಿಸದೆ ಇಟ್ಟುಕೊಂಡಿರಿ.